ಸದ್ದಿಲ್ಲದ ಗದ್ದೆ

"ಕೊಂಚ ಕಾದು ಕೊಡು" ಅಂದ ಮೋಹನ್.

ಪಾವನಾ ಬದುವಿನ ಮೇಲೆ ನಿಂತು ಕಾದಳು. ಕಾದೇ ಕಾದಳು. ಕೊನೆಗೆ ಅವನಿಗೇ ನಗು ಬಂತು. "ಕಾದು ಅಂದ್ರೆ ತಮಿಳಲ್ಲಿ ಕಿವಿ ಕಣಮ್ಮ. ಈ ಹೆಡ್‌ಫೋನ್ ಹಾಕ್ಕೋ ಅಂದೆ."

ಮದ್ರಾಸಲ್ಲೇ ಹುಟ್ಟಿದ ರೈಲ್ವೆ ನೌಕರರ ಕನ್ನಡ ಮನೆತನದ ಹುಡುಗ. ಅವನ ಕನ್ನಡದಲ್ಲಿ ತಮಿಳು ಎಲ್ಲಿ ಅಡಗಿ ಕೂತಿರುತ್ತೋ ಮೈಸೂರಿನವಳಿಗೆ ತಿಳಿಯುತ್ತಿರಲಿಲ್ಲ.

"ಬಿಡು, ನಿನ್ನ ಜೊತೆ ಕಾಯೋದೇ ಅಭ್ಯಾಸ ಆಗೋಗಿದೆ" ಅಂದು ಹೆಡ್‌ಫೋನ್ ಹಾಕಿಕೊಂಡಳು.

ಮದ್ರಾಸಿನ ಗಿಂಡಿ ಬಡಾವಣೆಯಲ್ಲಿ ಇಬ್ಬರದೂ ಒಂದೇ ಆಫೀಸು. ಎಣ್ಣೂರು ದಾಟಿದ ಮೇಲೆ ಸಿಗುವ ಈ ಭತ್ತದ ಗದ್ದೆಗಳಲ್ಲಿ ಪ್ರಯೋಗ: ಬಲಕ್ಕೆ ಅವಳ ಸಾವಯವ, ಎಡಕ್ಕೆ ರಾಸಾಯನಿಕ ಗೊಬ್ಬರ ಹಾಕಿ ಔಷಧಿ ಹೊಡೆದ ಅವನದು. ಯಾವುದರಲ್ಲಿ ಎಷ್ಟು ಜೀವ ಉಳಿದಿದೆಯೆಂದು ಸದ್ದು ಹಿಡಿದು ನೋಡುವ ಕೆಲಸ. ಅದೂ ಇವತ್ತಿಗೆ ಮುಗಿಯಿತು. ನಾಳೆ ಅವನಿಗೆ ಮಧುರೈಗೆ ವರ್ಗ. ಹೇಳುವುದೇನಾದರೂ ಇದ್ದರೆ ಇವತ್ತೇ ಹೇಳಬೇಕು.

ಹೊತ್ತು ಮುಳುಗುತ್ತಿತ್ತು. ಅವಳ ಗದ್ದೆಯಲ್ಲಿ ಜೀರುಂಡೆ, ಕಪ್ಪೆ, ಯಾವುದೋ ರೆಕ್ಕೆಯ ಪಟಪಟ.

"ಮದುವೆಮನೆ ಥರ ಇದೆ."

"ಊಟ ಮಾತ್ರ ಕಮ್ಮಿ" ಅವನು ಓರೆಗಣ್ಣಲ್ಲಿ ನೋಡಿದ. "ನಿನ್ನ ಇಳುವರಿ ನಂದರ ಮುಕ್ಕಾಲು. ಉಳಿದ ಕಾಲುಭಾಗ ಬೆಳೆಯೋಕೆ ಇನ್ನಷ್ಟು ಗದ್ದೆ ಬೇಕು, ಅದಕ್ಕೆ ಕೆರೆಯಂಚಿನ ಪೊದೆ ಕಡೀಬೇಕು. ಅಲ್ಲಿರೋ ಕಪ್ಪೆಯೆಲ್ಲ ನಿಮ್ಮನೇಗೆ ಬರುತ್ವಾ?"

"ಬರಲಿ. ಬಾಯಿಬಿಟ್ಟು ಮಾತಾಡೋರು ಯಾರಾದ್ರೂ ಬೇಕಲ್ಲ."

ಅವನು ನೋಟ ತಪ್ಪಿಸಿ, ಮೈಕ್ ಹಿಡಿದು ತನ್ನ ಗದ್ದೆಗೆ ಇಳಿದ. ಉದ್ದನೆಯ ವೈರು ಅವನ ಹಿಂದೆ ಹರಿಯಿತು.

ಅವಳ ಕಿವಿಯಲ್ಲಿ ಸದ್ದುಗಳು ಒಂದೊಂದೇ ಕಳಚಿದವು. ಕಪ್ಪೆ ನಿಂತಿತು. ಜೀರುಂಡೆಯೂ ನಿಂತಿತು. ಪೈರು ಮಾತ್ರ ಸೊಂಪಾಗಿ, ಒಂದು ತೂತೂ ಇಲ್ಲದ ಎಲೆಗಳನ್ನು ಆಡಿಸುತ್ತಿತ್ತು. ನೀರಲ್ಲಿ ಗುಳ್ಳೆ ಏಳಲಿಲ್ಲ. ದೂರದ ವಿದ್ಯುತ್ ಸ್ಥಾವರದ ಹೊಗೆಕೊಳವೆಗಳ ಕೆಂಪು ದೀಪ ಅದರಲ್ಲಿ ಕದಲದೆ ಬಿದ್ದಿತ್ತು. ಯಾರೋ ಬಾಯಿ ಒತ್ತಿ ಹಿಡಿದಂಥ ಮೌನ.

ಆಗ ಶುರುವಾಯಿತು. ಧಡ್. ಧಡ್. ಧಡ್.

"ಮೋಹನ್, ನೆಲದೊಳಗೆ ಏನೋ ಬಡೀತಿದೆ."

"ಇಲ್ಲಿ ಏನೂ ಇಲ್ಲವೇ ಇಲ್ಲ."

"ಇದೆ. ಜೋರಾಗ್ತಿದೆ. ಮೇಲೆ ಬಾ."

ಅವನು ಅವಳತ್ತ ತಿರುಗಿದ. ಗಾಳಿ ತಾಕದಿರಲೆಂದು ಮೈಕನ್ನು ಎದೆಗೆ ಅವುಚಿಕೊಂಡಿದ್ದ.

"ಮೈಕ್ ದೂರ ಹಿಡಿ" ಅಂದಳು ಮೆಲ್ಲಗೆ.

ಹಿಡಿದ. ಏನೂ ಇಲ್ಲ. ಏನೇನೂ ಇಲ್ಲ.

"ಮತ್ತೆ ಅಲ್ಲೇ ಇಟ್ಕೋ."

ಧಡ್. ಧಡ್. ಧಡ್.

"ಏನಂತೆ ಅದಕ್ಕೆ?"

ಮೋಹನ್ ತಲೆ ತಗ್ಗಿಸಿದ. "ಮಧುರೈಗೆ ಒಬ್ಬನೇ ಹೋಗಲ್ವಂತೆ."

ಅವಳು ಹೆಡ್‌ಫೋನ್ ತೆಗೆಯದೆ ಕೆಸರಿಗೆ ಕಾಲಿಟ್ಟಳು. ಹೆಜ್ಜೆ ಹೆಜ್ಜೆಗೂ ಆ ಬಡಿತ ಜೋರಾಯಿತು. ಸುತ್ತ ಒಂದು ಹುಳವೂ ಕೂಗಲಿಲ್ಲ.