ಮಹಾರಾಯರ ಮೂರನೆಯ ಮನೆ

"ಡಾಕ್ಟ್ರೇ, ಸ್ವಲ್ಪ ಈ ಕಡೆ ಬರ್ತೀರಾ? ಇಲ್ಲೊಂದು ನಾಯಿ ಹೋಗ್ಬಿಟ್ಟಿದೆ."

ಅವನು ನನ್ನ ಜೊತೆ ಆಡಿದ ಮೊದಲ ಮಾತು ಇದು. ಒಳಗೆ ಒಂದು ನಾಯಿಯ ಹಲ್ಲು ನೋಡುತ್ತಿದ್ದವಳು ಎದ್ದೆನೋ ಬಿದ್ದೆನೋ ಎಂದು ಹಾಲ್‌ಗೆ ಓಡಿಬಂದೆ. ಸೋಫಾ ರಿಪೇರಿಗೆ ಬಂದಿದ್ದ ಮನುಷ್ಯ ಟೂಲ್ ಬ್ಯಾಗನ್ನು ಎದೆಗೆ ಅವುಚಿಕೊಂಡು ತಲೆ ತಗ್ಗಿಸಿ ನಿಂತಿದ್ದ. ಅವನೆದುರಿನ ಹಳೇ ಸೋಫಾದ ಮೇಲೆ ನಮ್ಮ ಗ್ರೇಹೌಂಡ್ ಮಹಾರಾಯರು ಅಂಗಾತ ಬಿದ್ದಿದ್ದರು. ನಾಲ್ಕೂ ಕಾಲು ಸೂರಿನ ಕಡೆಗೆ, ಉದ್ದನೆಯ ಕತ್ತು ಸೋಫಾದ ಅಂಚಿನಿಂದ ಕೆಳಕ್ಕೆ, ನಾಲಿಗೆ ಬಾಯಿಯ ಪಕ್ಕಕ್ಕೆ. ಕಣ್ಣು ಮಾತ್ರ ತೆರೆದೇ ಇತ್ತು.

"ಪಾಪ, ಕಣ್ಣಾದ್ರೂ ಮುಚ್ಚಿಸ್ತೀನಿ," ಎಂದು ಅವನು ಕೈ ಚಾಚಿದ.

ಮುಟ್ಟಬೇಡಿ ಎಂದು ಗದರಿದೆ. ಗ್ರೇಹೌಂಡ್‌ಗಳು ಕಣ್ಣು ಬಿಟ್ಟುಕೊಂಡೇ ನಿದ್ದೆ ಹೊಡೆಯಬಲ್ಲವು. ಎಚ್ಚರವಾಗಿವೆ ಎಂದುಕೊಂಡು ಮುಟ್ಟಿದರೆ ಬೆಚ್ಚಿಬಿದ್ದು ಬಾಯಿ ಹಾಕಿಬಿಡುತ್ತವೆ, ಅದು ಅವುಗಳ ತಪ್ಪಲ್ಲ. ನಾನು ದೂರದಿಂದಲೇ ಮೆಲ್ಲಗೆ ಕರೆದೆ. ಮಹಾರಾಯರು ಒಂದು ಕಿವಿ ಅಲ್ಲಾಡಿಸಿದರು, ಮೈ ಮುರಿದರು, ನಿದ್ದೆ ಕೆಡಿಸಿದ ಈ ಪ್ರಾಣಿ ಯಾವುದು ಎಂಬಂತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮಗ್ಗುಲು ಬದಲಿಸಿದರು.

ಅವನ ಕಿವಿ ಕೆಂಪಾಯಿತು. ನನಗೆ ನಗು ತಡೆಯಲಾಗಲಿಲ್ಲ. ಸತ್ತವರ ಹಾಸಿಗೆಯನ್ನು ಇವತ್ತೇ ರಿಪೇರಿ ಮಾಡುತ್ತೀರಾ, ಇಲ್ಲಾ ನಾಳೆ ಬರುತ್ತೀರಾ ಎಂದು ಕೇಳಿದೆ. ಅವನು ತಲೆ ಎತ್ತಿ ನನ್ನ ನಗುವನ್ನು ಒಂದು ಗಳಿಗೆ ಜಾಸ್ತಿಯೇ ನೋಡಿದ. ಆಮೇಲೆ ಎಲ್ಲಿಲ್ಲದ ಅವಸರದಲ್ಲಿ ಬ್ಯಾಗಿನಿಂದ ಸುತ್ತಿಗೆ ಹುಡುಕತೊಡಗಿದ.

ನಾನು ಪಶುವೈದ್ಯೆ. ರೇಸ್ ಟ್ರ್ಯಾಕ್‌ಗಳು ಬೇಡವೆಂದು ಬಿಟ್ಟ ಗ್ರೇಹೌಂಡ್‌ಗಳಿಗೆಂದು ಊರ ಅಂಚಿನಲ್ಲಿರುವ ಆಶ್ರಯಧಾಮ ನನ್ನ ಕೆಲಸದ ಜಾಗ. ಹುಟ್ಟಿದಾಗಿನಿಂದ ಕೆನಲ್‌ನ ಗೂಡು ಮತ್ತು ಟ್ರ್ಯಾಕ್ ಬಿಟ್ಟು ಬೇರೇನೂ ಕಾಣದ ಜೀವಗಳು ಇವು. ಮೆಟ್ಟಿಲು ಎಂದರೇನು ಎಂದು ಗೊತ್ತಿಲ್ಲ. ಗಾಜಿನ ಬಾಗಿಲು ಬಾಗಿಲೆಂದು ತಿಳಿಯದೆ ಮೂಗು ಜಜ್ಜಿಕೊಳ್ಳುತ್ತವೆ. ಗಾಳಿಯ ಹಾಗೆ ಓಡುವ ಈ ನಾಯಿಗಳು ಉಳಿದ ಹೊತ್ತೆಲ್ಲ ಮಾಡುವ ಒಂದೇ ಕೆಲಸ ಮಲಗುವುದು. ಮೈಯಲ್ಲಿ ಕೊಬ್ಬಿಲ್ಲ, ಚರ್ಮ ತೆಳು, ಗಟ್ಟಿ ನೆಲದ ಮೇಲೆ ಬಿಟ್ಟರೆ ಮೊಣಕೈ ಹುಣ್ಣಾಗುತ್ತದೆ. ಅದಕ್ಕೇ ಜನ ಕೊಟ್ಟ ಹಳೇ ಸೋಫಾಗಳು ನಮ್ಮಲ್ಲಿ ಸಾಲುಗಟ್ಟಿ ನಿಂತಿದ್ದವು, ಅದಕ್ಕೇ ಅವನು ಬಂದಿದ್ದ.

ಮಹಾರಾಯರಿಗೆ ಆ ಹೆಸರು ಬಂದದ್ದು ಅವರ ಗತ್ತಿನಿಂದ. ಬಹುವಚನವೂ ಹಾಗೇ ಬಂತು. ಊಟಕ್ಕೆ ಕರೆದರೆ ಕೂಡಲೇ ಬರುವವರಲ್ಲ, ಯೋಚಿಸಿ ಬರುವವರು. ಆದರೆ ಆ ಗತ್ತಿನ ಹಿಂದೆ ಒಂದು ದೊಡ್ಡ ಗಾಯವಿತ್ತು. ಎರಡು ಮನೆಯವರು ಅವರನ್ನು ಕರೆದುಕೊಂಡು ಹೋಗಿ ವಾಪಸ್ ತಂದುಬಿಟ್ಟಿದ್ದರು. ಒಂದು ಮನೆಗೆ ಅವರು ಬೆಕ್ಕನ್ನು ಅಟ್ಟಿಸಿಕೊಂಡು ಹೋದದ್ದು ಹಿಡಿಸಲಿಲ್ಲ. ಇನ್ನೊಂದು ಮನೆಗೆ ಚಾಂಪಿಯನ್ ನಾಯಿ ಬರೀ ಮಲಗುತ್ತದೆ ಎಂಬ ಬೇಜಾರು. ಎರಡನೆಯ ಸಲ ಬಿಟ್ಟುಹೋದ ಮೇಲೆ ಮಹಾರಾಯರು ಗೋಡೆಗೆ ಮುಖ ಮಾಡಿ ನಿಂತವರು ತಿರುಗಲೇ ಇಲ್ಲ, ಅನ್ನ ನೀರು ಮುಟ್ಟಲಿಲ್ಲ. ಪಕ್ಕದಲ್ಲಿ ಕೂತು, ಕೈಯಲ್ಲಿ ಒಂದೊಂದೇ ತುತ್ತು ಹಿಡಿದು, ಅವರನ್ನು ನಾನು ಉಳಿಸಿಕೊಂಡೆ. ಇನ್ನೊಂದು ಸಲ ಹಾಗಾದರೆ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ನಂತರ ಅವರನ್ನು ಕೇಳಿ ಬಂದವರಿಗೆಲ್ಲ ಏನೋ ಒಂದು ಕೊಂಕು ತೆಗೆದು ಕಳಿಸುತ್ತಿದ್ದೆ.

ಸೋಫಾದವನು ದಿನಾ ಬರತೊಡಗಿದ. ಯಾವ ನಾಯಿಗೆ ಎಲ್ಲಿ ಎಲುಬು ಒತ್ತುತ್ತದೆ ಎಂದು ಕೇಳಿಕೊಂಡು, ಅಲ್ಲಲ್ಲಿಗೆ ಮೆತ್ತನೆಯ ಸ್ಪಂಜು ಕತ್ತರಿಸಿ ಕೂರಿಸುತ್ತಿದ್ದ. ಕೆಲಸ ಚುರುಕು, ಮಾತು ಕಮ್ಮಿ, ನೋಟ ಮಾತ್ರ ಧಾರಾಳ. ನಾನು ಇಂಜೆಕ್ಷನ್ ಹಿಡಿದು ಹಾಲ್ ದಾಟಿದರೆ ಅವನ ಸುತ್ತಿಗೆಯ ಸದ್ದು ನಿಲ್ಲುತ್ತಿತ್ತು. ನಾನು ತಿರುಗಿದರೆ ಮೊಳೆ ಇಲ್ಲದ ಕಡೆಯೂ ಬಡಿಯುತ್ತಿದ್ದ. ಎಲ್ಲ ಗೊತ್ತಾಗುತ್ತಿದ್ದರೂ ಗೊತ್ತಿಲ್ಲದವಳ ಹಾಗೆ ಓಡಾಡುವುದರಲ್ಲಿ ನನಗೂ ಒಂದು ಖುಷಿಯಿತ್ತು, ಸುಳ್ಳು ಯಾಕೆ ಹೇಳಲಿ. ಹಾಲ್ ದಾಟುವ ಕೆಲಸಗಳು ಆ ದಿನಗಳಲ್ಲಿ ಸ್ವಲ್ಪ ಹೆಚ್ಚೇ ಇದ್ದವು.

ಕೊನೆಯ ಸೋಫಾ ಮುಗಿದ ದಿನ ಅವನು ಕೈ ಒರೆಸಿಕೊಂಡು ಬಂದು, ಮಹಾರಾಯರನ್ನು ನನಗೆ ಕೊಡಿ ಎಂದ. ನಮ್ಮಲ್ಲಿ ಒಂದು ಪದ್ಧತಿಯಿದೆ. ನಾಯಿ ಕೇಳಿದವರ ಮನೆಗೆ ನಾವು ಮೇಲಿಂದ ಮೇಲೆ ಹೋಗಿ ನೋಡುತ್ತೇವೆ. ನಾಯಿಯನ್ನೂ ಜೊತೆಗೆ ಕರೆದೊಯ್ದು ಹಗಲಿಡೀ ಅಲ್ಲೇ ಬಿಟ್ಟು ನೋಡುತ್ತೇವೆ. ಇದನ್ನೆಲ್ಲ ಹೇಳಿ ಹೆದರಿಸಲು ನೋಡಿದೆ. ಎಷ್ಟು ಸಲ ಬರುತ್ತೀರಿ, ನೀವೇ ಬರುತ್ತೀರಾ ಎಂದು ಅವನು ಕೇಳಿದ ರೀತಿಗೆ ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮೊದಲ ಸಲ ಹೋದಾಗ ಒಂದೂ ಸರಿಯಿರಲಿಲ್ಲ. ಕೆಳಗೆ ಅಂಗಡಿ, ರಸ್ತೆಗೆ ತೆರೆದುಕೊಂಡ ಅಗಲವಾದ ಬಾಗಿಲು. ಮೇಲೆ ಅವನೂ ಅವನ ಅಕ್ಕನೂ ಇರುವ ಮನೆ, ನಡುವೆ ನುಣುಪಾದ ಕಡಿದಾದ ಮೆಟ್ಟಿಲು. ಈ ನಾಯಿ ಒಮ್ಮೆ ಕೈತಪ್ಪಿ ಓಡಿದರೆ ಕೂಗು ಕಿವಿಗೆ ಬೀಳುವ ಮೊದಲೇ ಬೀದಿ ದಾಟಿರುತ್ತದೆ ಎಂದು ಬೈದೆ. ಅವನು ಪಾಠ ಕೇಳುವ ಹುಡುಗನಂತೆ ತಲೆಯಾಡಿಸಿದ. ಮಹಾರಾಯರು ಓಡುವುದನ್ನು ನೀವು ನೋಡೇ ಇಲ್ಲ, ಭಾನುವಾರ ಬಂದು ನೋಡಿ, ಆಮೇಲೆ ಬೇಕೋ ಬೇಡವೋ ಹೇಳಿ ಎಂದೆ.

ಭಾನುವಾರ ಬೆಳಿಗ್ಗೆ ನಮ್ಮ ಬೇಲಿ ಹಾಕಿದ ಮೈದಾನದಲ್ಲಿ ಮಹಾರಾಯರ ಹಗ್ಗ ಬಿಚ್ಚಿದೆ. ಅವರು ಒಂದು ಕ್ಷಣ ಸುಮ್ಮನೆ ನಿಂತರು, ಕಿವಿ ನೆಟ್ಟಗಾಯಿತು. ಮುಂದಿನ ಕ್ಷಣ ಅವರು ಅಲ್ಲಿರಲಿಲ್ಲ.

ಗ್ರೇಹೌಂಡ್ ಪೂರ್ತಿ ವೇಗಕ್ಕೆ ಬಂದಾಗ ಒಂದೊಂದು ನೆಗೆತದಲ್ಲೂ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಒಮ್ಮೆ ಮೈ ಮುದುಡಿ ಹಿಂಗಾಲು ಮುಂಗಾಲನ್ನೇ ದಾಟಿಹೋದಾಗ, ಇನ್ನೊಮ್ಮೆ ಮೂಗಿನಿಂದ ಬಾಲದವರೆಗೆ ಒಂದೇ ಗೆರೆಯಾಗಿ ಚಾಚಿದಾಗ. ಓದಿ ತಿಳಿದದ್ದೇ ಬೇರೆ, ಕಣ್ಣಾರೆ ಕಾಣುವುದೇ ಬೇರೆ. ಬೆನ್ನುಮೂಳೆ ಬಾಗಿ ಬಿಚ್ಚಿ ಬಾಗಿ ಬಿಚ್ಚಿ, ಬಾಲ ಚುಕ್ಕಾಣಿಯ ಹಾಗೆ ತಿರುವಿನಲ್ಲಿ ವಾಲಿ, ದೊಡ್ಡ ಎದೆಯೊಳಗಿನ ಆ ದೊಡ್ಡ ಹೃದಯ ಬಡಿದುಕೊಳ್ಳುತ್ತಾ, ಅವರು ಮೈದಾನ ಸುತ್ತಿದರು. ಅವರ ಒಂದು ಹಿಂಗಾಲು ಹಿಂದೊಮ್ಮೆ ಟ್ರ್ಯಾಕ್‌ನಲ್ಲಿ ಮುರಿದು, ನಾನೇ ಲೋಹದ ಪ್ಲೇಟ್ ಹಾಕಿ ಕೂಡಿಸಿದ್ದು. ಈಗ ಓಡು ಎಂದು ಯಾರೂ ಹೇಳಿರಲಿಲ್ಲ, ಗೆಲ್ಲಬೇಕಾದ್ದೂ ಏನಿರಲಿಲ್ಲ. ಅವರು ಬರೀ ತಮ್ಮ ಸಂತೋಷಕ್ಕೆ ಓಡುತ್ತಿದ್ದರು, ಅದಕ್ಕೇ ಅಷ್ಟು ಚೆನ್ನಾಗಿ ಓಡುತ್ತಿದ್ದರು.

ಪಕ್ಕಕ್ಕೆ ತಿರುಗಿ ನೋಡಿದರೆ ಅವನು ಬೇಲಿಯ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ನಾನು ಪಕ್ಕದಲ್ಲಿರುವುದೂ ಅವನಿಗೆ ಮರೆತುಹೋಗಿತ್ತು. ಕಣ್ಣು ತುಂಬಿತ್ತು.

"ಇಷ್ಟು ವರ್ಷ ಸ್ಪ್ರಿಂಗ್ ಜೋಡಿಸ್ಕೊಂಡೇ ಬಂದೆ ಡಾಕ್ಟ್ರೇ," ಎಂದ. "ಹಿಂಗೆ ಮಡಚಿ ಹಿಂಗೆ ಬಿಚ್ಚೋದನ್ನ ನಾನು ಎಲ್ಲೂ ನೋಡಿಲ್ಲ."

ಓಟ ಮುಗಿಸಿದ ಮಹಾರಾಯರು ತೇಕುತ್ತಾ ಬಂದು ನನ್ನನ್ನು ದಾಟಿ ಹೋದರು. ಹೋಗಿ ಅವನ ತೊಡೆಗೆ ತಮ್ಮ ಇಡೀ ಭಾರ ಹಾಕಿ ಒರಗಿ ನಿಂತರು. ಗ್ರೇಹೌಂಡ್ ಹಾಗೆ ಒರಗುವುದು ನಂಬಿದವರ ಮೇಲೆ ಮಾತ್ರ, ವಾಪಸ್ ಬಂದ ಮೇಲೆ ಅವರು ನನ್ನನ್ನು ಬಿಟ್ಟು ಯಾರಿಗೂ ಒರಗಿರಲಿಲ್ಲ. ನಾಯಿಗೆ ಕಷ್ಟವಾಗದಿರಲೆಂದು ಅವನು ಅಲ್ಲಾಡದೆ ನಿಂತ, ಕಾಲು ಜೋಮು ಹಿಡಿಯುವವರೆಗೆ ನಿಂತ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚಾಗಿ ಅವನ ಮೇಲೆ ಪ್ರೀತಿ ಹುಟ್ಟಿತು, ಅಲ್ಲೇ, ಆ ಬೇಲಿಯ ಪಕ್ಕ.

ಎರಡನೆಯ ಸಲ ಮಹಾರಾಯರ ಜೊತೆ ಹೋದಾಗ ಅದೇ ಮನೆಯೇ ಎಂದು ಕಣ್ಣುಜ್ಜಿಕೊಳ್ಳುವ ಹಾಗಿತ್ತು. ಅಂಗಡಿ ಬಾಗಿಲಿಗೆ ಒಳಗಿನಿಂದ ಎರಡನೆಯ ಗೇಟು, ಮೆಟ್ಟಿಲಿಗೆಲ್ಲ ಒರಟು ಕಾರ್ಪೆಟ್, ಗಾಜಿನ ಮೇಲೆ ನಾಯಿಯ ಕಣ್ಣಿನ ಎತ್ತರಕ್ಕೆ ಬಣ್ಣದ ಪಟ್ಟಿ. ಮಹಾರಾಯರು ಮೆಟ್ಟಿಲ ಬುಡದಲ್ಲಿ ಕಲ್ಲಿನಂತೆ ನಿಂತುಬಿಟ್ಟರು. ಅವನು ಎಳೆಯಲಿಲ್ಲ, ಗದರಲಿಲ್ಲ. ತಾನೇ ಮೆಟ್ಟಿಲ ಮೇಲೆ ಕುಂಡೆಯೂರಿ ಕೂತು, ಹಿಂದುಹಿಂದಕ್ಕೆ ಒಂದೊಂದೇ ಮೆಟ್ಟಿಲು ಸರಿಯುತ್ತಾ, ಒಂದೊಂದು ಕಾಲನ್ನೂ ಕೈಯಲ್ಲಿ ಎತ್ತಿ ಇಡಿಸುತ್ತಾ ಹೋದ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಮೇಲಿದ್ದರು. ಅವನ ಪ್ಯಾಂಟ್ ಹಿಂದೆ ಸವೆದುಹೋಗಿತ್ತು, ಮಹಾರಾಯರು ಶಿಖರ ಹತ್ತಿದವರಂತೆ ಎದೆಯುಬ್ಬಿಸಿದ್ದರು.

ಅವನ ಅಕ್ಕ ಚಹಾ ತಂದಿಟ್ಟರು. ಕುಶನ್ ಕವರ್ ಹೊಲಿಯುವ, ಮನಸ್ಸಿನಲ್ಲಿ ಒಂದನ್ನೂ ಇಟ್ಟುಕೊಳ್ಳದ ಹೆಂಗಸು. ತಮ್ಮನ ದಾರಿ ಸುಗಮ ಮಾಡುತ್ತಿದ್ದೇನೆ ಎಂದೇ ಅವರು ಮಾತು ತೆಗೆದದ್ದು.

"ನಿಮಗೊಂದು ವಿಷಯ ಹೇಳ್ಲಾ ಡಾಕ್ಟ್ರಮ್ಮ? ಇವ್ನು ನಾಯಿ ಕಂಡ್ರೆ ರಸ್ತೆ ಆ ಕಡೆ ಹೋಗ್ತಿದ್ದ. ಕೆಲ್ಸ ಮುಗಿದ್ರೆ ನಿಮ್ಮನ್ನ ಮತ್ತೆ ನೋಡೋದು ಹೇಗೆ ಅಂತ ಒದ್ದಾಡಿ, ನಾಯಿ ಕೇಳಿದ್ರೆ ನೀವೇ ಮನೆಗೆ ಬರ್ತೀರಿ ಅಂತ ಹೋಗಿ ಕೇಳಿದ್ದು. ಅಷ್ಟು ಇಷ್ಟ ನಿಮ್ಮನ್ನ ಕಂಡ್ರೆ."

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ನಿಜವಾ ಎಂದು ಅವನನ್ನು ಕೇಳಿದೆ. ಅವನು ಮುಖ ಸಣ್ಣದು ಮಾಡಿಕೊಂಡು ಹೌದು ಎಂದ. ಬೇರೇನೋ ಹೇಳಲು ಬಾಯಿ ತೆರೆದ, ನಾನು ಕೇಳಿಸಿಕೊಳ್ಳಲಿಲ್ಲ. ನೆಪಕ್ಕೆ ತಂದ ನಾಯಿ ನೆಪ ಮುಗಿದ ದಿನ ಎಲ್ಲಿಗೆ ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಗೋಡೆಗೆ ಮುಖ ಮಾಡಿ ನಿಂತ ಆ ಬೆನ್ನು ಕಣ್ಣ ಮುಂದೆ ಬಂತು. ಮೂಗಿನ ತುದಿಯಲ್ಲಿರುವ ನನ್ನ ಕೋಪ ನೆತ್ತಿಗೇರಿತು. ಇದು ಆಟದ ಸಾಮಾನಲ್ಲ ಎಂದಷ್ಟೇ ಹೇಳಿ ಹಗ್ಗ ಹಾಕಿ ಹೊರಟೆ.

ಮಹಾರಾಯರು ಹೊರಡಲಿಲ್ಲ. ವ್ಯಾನಿನ ಪಕ್ಕ ನಾಲ್ಕೂ ಕಾಲು ನೆಟ್ಟು ನಿಂತರು. ಎಷ್ಟು ಕರೆದರೂ ಹತ್ತಲಿಲ್ಲ. ಆಗ ಅವನು ಬಂದು ಅವರ ಎದೆಗೂ ತೊಡೆಗೂ ಕೈಕೊಟ್ಟು, ಪ್ಲೇಟ್ ಹಾಕಿದ ಕಾಲಿಗೆ ನೋವಾಗದಂತೆ ಎತ್ತಿ ಒಳಗೆ ಮಲಗಿಸಿದ. ಬಾಗಿಲು ಹಾಕಿ ಹಿಂದೆ ಸರಿದ. ದಾರಿಯುದ್ದಕ್ಕೂ ಅವನನ್ನು ಬೈಯುತ್ತಾ ಬಂದೆ, ಕಣ್ಣೀರು ಮಾತ್ರ ಯಾಕೋ ನಿಲ್ಲಲಿಲ್ಲ.

ಮಾರನೆಯ ದಿನ ಮಹಾರಾಯರು ತಟ್ಟೆ ಮೂಸಿ ಬಿಟ್ಟರು. ಅದರ ಮರುದಿನ ಗೋಡೆಯ ಕಡೆ ತಿರುಗಿದರು. ಈ ಸಲ ಅವರನ್ನು ವಾಪಸ್ ತಂದದ್ದು ಬೇರೆ ಯಾರೂ ಅಲ್ಲ, ನಾನೇ ಎಂಬುದು ನನಗೆ ಆಗ ಹೊಳೆಯಿತು. ತುತ್ತು ಹಿಡಿದು ಪಕ್ಕದಲ್ಲಿ ಕೂತೆ. ಅವರು ನನ್ನ ಕೈಯನ್ನೂ ನೋಡಲಿಲ್ಲ.

ಅಂದು ಮಧ್ಯಾಹ್ನ ಅವನು ಬಂದ. ಕೈಯಲ್ಲಿ ಟೂಲ್ ಬ್ಯಾಗ್ ಇರಲಿಲ್ಲ. ನನ್ನ ಮುಖ ನೋಡದೆ ಬಾಗಿಲ ಬಳಿಯೇ ನಿಂತು, ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತನ್ನು ಒಂದೇ ಉಸಿರಿಗೆ ಹೇಳಿದ.

"ಅಕ್ಕ ಹೇಳಿದ್ದು ನಿಜ. ಕೇಳಿದ್ದು ನಿಮ್ಮನ್ನ ನೋಡೋಕೇ. ಆದ್ರೆ ಆ ಭಾನುವಾರ ಆದ್ಮೇಲೆ ಮೆಟ್ಟಿಲಿಗೆ ಕಾರ್ಪೆಟ್ ಹಾಕಿದ್ದು ಇವ್ರಿಗೋಸ್ಕರ. ನಂಬಿ ಅಂತ ಕೇಳಲ್ಲ. ಪರೀಕ್ಷೆಗೆ ಬೇರೆ ಯಾರನ್ನಾದ್ರೂ ಕಳ್ಸಿ, ನಾನು ಇನ್ಮೇಲೆ ನಿಮ್ಮ ಕಣ್ಣಿಗೆ ಬೀಳಲ್ಲ. ಮಹಾರಾಯ್ರನ್ನ ಕೊಡಿ."

ಅವನ ದನಿಗೆ ಗೋಡೆಯ ಕಡೆಗಿದ್ದ ತಲೆ ನಿಧಾನಕ್ಕೆ ತಿರುಗಿತು. ಮಹಾರಾಯರು ನಡೆದುಬಂದರು, ಯೋಚಿಸದೆ ಬಂದರು, ಅವನ ಕಾಲಿಗೆ ಭಾರ ಹಾಕಿ ಒರಗಿದರು. ಅವರ ಹಲ್ಲು ಕಟಕಟ ಎನ್ನುತ್ತಿತ್ತು. ಸಂತೋಷ ಹೆಚ್ಚಾದಾಗ ಗ್ರೇಹೌಂಡ್‌ಗಳಿಗೆ ಹಾಗಾಗುತ್ತದೆ. ಅವನು ಬಗ್ಗಿ ಆ ಉದ್ದನೆಯ ಕತ್ತನ್ನು ತಬ್ಬಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ನನ್ನ ಕೈಯಲ್ಲಿ ಉಳಿದಿದ್ದ ತುತ್ತನ್ನು ಅವನ ಕೈಗೆ ಹಾಕಿದೆ, ಮಹಾರಾಯರು ತಿಂದರು.

"ಅಂದ್ರೆ ನಾಯಿ ಸಾಕು, ನಾನು ಬೇಡ," ಎಂದೆ. ನಗುತ್ತಾ ಹೇಳಬೇಕೆಂದಿದ್ದೆ, ಆಗಲಿಲ್ಲ.

ಅವನು ತಲೆ ಎತ್ತಲಿಲ್ಲ. "ಎರಡೂ ಕೇಳೋ ಮುಖ ಎಲ್ಲಿದೆ ನನಗೆ? ಒಂದೇ ಕೇಳ್ಬೇಕು ಅಂದ್ರೆ ಇವ್ರನ್ನ ಕೇಳ್ತೀನಿ. ಇವ್ರಿಗೆ ಮನೆ ಬೇಕು. ನಿಮಗೆ ನಾನಿಲ್ದೇ ಇದ್ರೂ ನಡೆಯುತ್ತೆ."

ನನ್ನನ್ನು ಬಿಟ್ಟುಕೊಟ್ಟು ನನ್ನ ನಾಯಿಯನ್ನು ಕೇಳುವ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬ ಸಿಗುವುದಿಲ್ಲ ಎಂದು ನನಗೆ ಆ ಗಳಿಗೆಯಲ್ಲಿ ಖಾತ್ರಿಯಾಯಿತು. ನಾನೂ ನೆಲದ ಮೇಲೆ, ಮಹಾರಾಯರ ಈಚೆ ಬದಿಗೆ ಕೂತೆ.

"ನಡೆಯುತ್ತೆ ಅಂತ ನಿಮಗೆ ಯಾರು ಹೇಳಿದ್ರು?"

ಅವನು ಈಗ ನೋಡಿದ. ಮೊಳೆ ಬಡಿಯುವ ನೆಪವಿಲ್ಲದೆ, ಕಣ್ಣು ಕೀಳದೆ ನೋಡಿದ. ನಾನೂ ಹಾಲ್ ದಾಟಿ ಓಡಲಿಲ್ಲ. ಪಕ್ಕದ ಗೂಟದಿಂದ ಮಹಾರಾಯರ ಹಗ್ಗ ತೆಗೆದು ಅವನ ಅಂಗೈಯಲ್ಲಿಟ್ಟೆ, ಇಟ್ಟ ಮೇಲೆ ನನ್ನ ಕೈಯನ್ನು ವಾಪಸ್ ತೆಗೆದುಕೊಳ್ಳಲಿಲ್ಲ.