ಗೋದಾಮಿನಲ್ಲಿಟ್ಟ ಡಬ್ಬಿಗಳು

ನಾಸಿಕದಿಂದ ಔರಂಗಾಬಾದಿಗೆ ನನ್ನ ವರ್ಗವಾದಾಗ, ಮನೆ ಸಿಗುವವರೆಗೆಂದು ಸಾಮಾನನ್ನೆಲ್ಲ ನಾಸಿಕದ ಬಳಿಯ ಓಝರಿನ ಬಾಡಿಗೆ ಗೋದಾಮಿನಲ್ಲಿಟ್ಟೆವು. ಅಡುಗೆ ಡಬ್ಬಿಗಳನ್ನು ನಾನೇ ತೊಳೆದು, ಒರೆಸಿ, ಬರಿದಾಗಿಯೇ ಮುಚ್ಚಿದ್ದೆ. "ಡಬ್ಬಿ ಬರೇ ಇಡಬಾರದವಾ, ಒಂದು ಮುಷ್ಟಿ ಜೋಳರೆ ಹಾಕು" ಎನ್ನುತ್ತಿದ್ದ ಅತ್ತೆ, ನನ್ನ ಮಗಳು ಮಾನ್ಯಾ ಹುಟ್ಟುವ ಮೊದಲೇ ತೀರಿಕೊಂಡಿದ್ದರು.

ವರ್ಷವಿಡೀ ಒಂದೇ ಖೋಲಿಯಲ್ಲಿ ಒತ್ತಿಕೊಂಡಿದ್ದ ನಮಗೆ ಕೊನೆಗೂ ಮನೆ ಸಿಕ್ಕಿತು. ಮೇ ತಿಂಗಳ ಮಧ್ಯಾಹ್ನ ಗೋದಾಮಿನ ಬೀಗ ತೆಗೆದರೆ, ತಗಡಿನ ಚಾವಣಿಯ ಕೆಳಗೂ ಒಳಗೆಲ್ಲ ತಂಪು. ಸಾಮಾನು ಸಾಗಿಸಲೆಂದು ಎತ್ತಿದ ಡಬ್ಬಿ ಗಲಗಲ ಎಂದಿತು. ತೆರೆದು ನೋಡಿದರೆ ಒಂದೊಂದರಲ್ಲೂ ಒಂದು ಮುಷ್ಟಿ ಜೋಳ, ಹುಳವಿಲ್ಲ, ಧೂಳಿಲ್ಲ.

"ಕೀಲಿ ನನ್ನ ಪರ್ಸಿನಾಗಽ ಇತ್ತಲ್ರಿ" ಎಂದೆ.

ಗಂಡ ನರಹರಿ ನಾಲ್ಕು ಕಾಳು ಅಂಗೈಗೆ ಸುರಿದುಕೊಂಡು ನೋಡಿದರು. "ಅವ್ವಗೂ ಹೊಸ ಮನಿ ಒಪ್ಪಿಗ್ಯಾತು ಕಾಣ್ತದ."

ಮಾನ್ಯಾಳ ಪುಟ್ಟ ಊಟದ ಡಬ್ಬಿಯನ್ನೂ ತೆರೆದೆ. ಅದರಲ್ಲಿ ಜೋಳ ಮಗುವಿನ ಮುಷ್ಟಿಯಷ್ಟೇ ಇತ್ತು.