ಚಿಪ್ ಬದಲಾಯಿಸುವ ಸೋಮವಾರ

ಕಿಶನ ಈ ಸೋಮವಾರ ಹೊಸ ಪೆಟ್ಟಿಗೆ ಹೊತ್ತು ಬಂದದ್ದನ್ನು ಕಂಡು ವಿನುತಾ ಕೈಯಲ್ಲಿದ್ದ ಕೆಲಸ ನಿಲ್ಲಿಸಿದಳು.

ಕಾರವಾರದ ಒಂದು ಆಸ್ಪತ್ರೆಯ ಜ್ವರದ ವಾರ್ಡಿನಲ್ಲಿ ಅವಳು ನರ್ಸ್. ಗೋಡೆಯ ಮೇಲಿದ್ದ ಸೆನ್ಸರ್ ಪೆಟ್ಟಿಗೆ ವಾರ್ಡಿನ ಗಾಳಿಯನ್ನು ಎಳೆದುಕೊಂಡು, ಅದರಲ್ಲಿ ವೈರಸ್ ಇದ್ದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು ತೋರಿಸುತ್ತಿತ್ತು. ವಾರದಲ್ಲಿ ಕೊಳೆಯಾಗುತ್ತಿದ್ದ ಅದರ ಚಿಪ್ ಬದಲಾಯಿಸಲು ಕಿಶನ ಪ್ರತಿ ಸೋಮವಾರ ಅಂಕೋಲೆಯಿಂದ ಬರುತ್ತಿದ್ದ. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸವನ್ನು ಅವನು ಎಳೆದಾಡುತ್ತಿದ್ದ. ಅವಳೂ ಅವಸರ ಮಾಡುತ್ತಿರಲಿಲ್ಲ.

"ಬಿಣಗಾದಲ್ಲಿರೋ ನಂ ಮನೆಗೂ ಒಂದು ಹಚ್ಚಿಕೊಡಿ," ಎಂದು ಅವಳು ಒಮ್ಮೆ ಕೀಟಲೆ ಮಾಡಿದ್ದಳು.

"ಮನೇಲಿ ಯಾರ್ಯಾರು ಇರ್ತ್ರಿ?"

"ನಾನೊಬ್ಳೇ."

"ಹಂಗಾದ್ರೆ ಯಾವಾಗ್ಲೂ ಹಸಿರೇ, ಸಿಸ್ಟರ್. ಕೆಂಪಾಗೂಕೆ ಮತ್ತೊಬ್ರು ಬಂದು ಸೀನ್ಬೇಕಲ್ರಾ!"

ಅವನು ನಕ್ಕಾಗ ಮಾಸ್ಕಿನ ಮೇಲೆ ಕಣ್ಣುಗಳು ಕಿರಿದಾಗುವುದು ಅವಳಿಗೆ ಬಹಳ ಇಷ್ಟ. ಆದರೆ ಅಂದು ಮನೆಗೆ ಹೋಗಿ ಬೀಗ ತೆಗೆದಾಗ ಅಳು ಬಂದಿತ್ತು. ಬೆಳಗ್ಗೆ ಚಹಾ ಕುಡಿದ ಲೋಟ ಇಟ್ಟಲ್ಲೇ ಇತ್ತು.

ಈಗ ಅವನು ಹಳೆಯ ಪೆಟ್ಟಿಗೆ ಬಿಚ್ಚಿ ಹೊಸದನ್ನು ಕೂರಿಸಿದ.

"ಇದಕ್ಕೆ ಚಿಪ್ ಬದಲ್ ಮಾಡೂದಿಲ್ಲ. ತಾನೇ ತೊಳ್ಕಂತದೆ. ರಿಪೋರ್ಟ್ ಸೀದಾ ನನ್ನ ಮೊಬೈಲಿಗೆ ಬರ್ತದೆ."

"ಅಂದ್ರೆ ನೀವು ಬರೂದಿಲ್ಲ."

"ಬರೂ ಕೆಲ್ಸ ಇಲ್ಲ."

ಅವನು ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದ. ಮತ್ತೆ ಹೊರತೆಗೆದು, ಬಿಗಿಯಾಗಿಯೇ ಇದ್ದ ಸ್ಕ್ರೂವನ್ನು ಇನ್ನೊಮ್ಮೆ ತಿರುಗಿಸಿದ. ಅವನಿಗೆ ಬಸ್ಸಿನ ಹೊತ್ತಾಗುತ್ತಿತ್ತು. ಇಂದು ಬಾಯಿ ಬಿಡದಿದ್ದರೆ ಎಲ್ಲ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು.

"ಮಶೀನಿಗೆ ನೀವು ಬ್ಯಾಡ ಆಗಿರ್ಬಹುದು..." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಂಗೆ ಬೇಕು, ಕಿಶನ."

ಪಕ್ಕದ ಹಾಸಿಗೆಯ ಅಜ್ಜಿ ಕಣ್ಣು ಮುಚ್ಚಿಕೊಂಡೇ ಕಿವಿ ನಿಮಿರಿಸಿದಳು. ಕೇಳಿದರೆ ಕೇಳಲಿ ಎನಿಸಿತು ವಿನುತಾಳಿಗೆ.

ಕಿಶನ ತಿರುಗಿದ. ಕಿವಿಯ ತುದಿ ಕೆಂಪಗಾಗಿತ್ತು. "ಇದು ನಾ ಹೇಳ್ಬೇಕಿದ್ದದ್ದು. ಬಸ್ಸಲ್ಲಿ ಬರ್ತಾ ಪ್ರತಿ ಸೋಮವಾರ ಹೇಳ್ಕಂತಿದ್ದೆ. ಇಲ್ಲಿ ಬಂದ್ಮೇಲೆ ಮಾತೇ ಬರೂದಿಲ್ಲ."

ಅವಳು ನಕ್ಕಳು, ಕಣ್ಣೊರೆಸಿಕೊಂಡಳು.

"ಸೋಮವಾರ ಸಂಜಿಗೆ ಬರ್ತೆ," ಎಂದ ಅವನು. "ಪೇಷಂಟ್ ನೋಡೂಕೆ ಬರೋರ ಸಂಗ್ತಿಗೆ. ಆದ್ರೆ ಯಾರನ್ನ ಕಾಣೂಕೆ ಬಂದದ್ದು ಅಂತ ಗೇಟಲ್ಲಿ ಕೇಳ್ತ್ರು."

ಆ ಗೇಟಿನಲ್ಲಿ ದಿನವೂ ಜನ ಸಾಲುಗಟ್ಟುತ್ತಿದ್ದರು. ಇಷ್ಟು ವರ್ಷಗಳಲ್ಲಿ ಒಬ್ಬರೂ ಅವಳ ಹೆಸರು ಹೇಳಿಕೊಂಡು ಬಂದವರಿಲ್ಲ.

"ವಿನುತಾನ್ನ ಕಾಣೂಕೆ ಬಂದೆ ಅಂತ ಹೇಳಿ," ಎಂದಳು.